ಮಂದ ಕಿವಿಗೇ ಜೋರು ಸದ್ದಿನ ಹಿಂಸೆ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮೈಕಿನ ಸದ್ದು ತಡೆಯಲಾಗುತ್ತಿಲ್ಲ ಎಂದು ಎಪ್ಪತ್ತು ದಾಟಿದವರು ಹೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ನಿಮಗೆ ಕಿವಿಯೇ ಕೇಳಲ್ಲ, ಸದ್ದಿನಿಂದ ಏನು ತೊಂದರೆ?" ಮನೆಯಲ್ಲೂ ಅದೇ ಮಾತು. ಕಿವಿ ತಪಾಸಣೆ ಮತ್ತು ಶ್ರವಣ ಸಾಧನಗಳ ಕೆಲಸದಲ್ಲಿರುವ ನಮಗೆ ಈ ಉತ್ತರ ತಪ್ಪೆಂದು ಗೊತ್ತು. ಅದನ್ನು ತಿದ್ದಲು ನಿಮ್ಮ ಕಚೇರಿಯಿಂದ ಆಗಬಹುದಾದ ಕೆಲಸಗಳಿವೆ.

ಒಳಕಿವಿಯ ಶಂಖದಾಕಾರದ ಭಾಗದಲ್ಲಿ ಸದ್ದನ್ನು ಹಿಡಿಯುವ ಎರಡು ಬಗೆಯ ರೋಮಕೋಶಗಳಿವೆ, ಒಳಸಾಲಿನವು ಮತ್ತು ಹೊರಸಾಲಿನವು. ಹೊರಸಾಲಿನವು ಸಣ್ಣ ಸದ್ದನ್ನು ಹಿಗ್ಗಿಸಿ ಕೊಡುತ್ತವೆ, ದೊಡ್ಡ ಸದ್ದಿಗೆ ಅವುಗಳ ನೆರವು ಬೇಕಿಲ್ಲ. ವಯಸ್ಸಾದಂತೆ ಹೆಚ್ಚಾಗಿ ಸಾಯುವುದು ಈ ಹೊರಸಾಲಿನ ಕೋಶಗಳೇ. ಆಗ ಮೆಲುಮಾತು ಕೇಳುವುದಿಲ್ಲ, ಆದರೆ ಜೋರು ಸದ್ದು ಹರೆಯದಲ್ಲಿದ್ದಷ್ಟೇ ಜೋರಾಗಿ ಬಂದು ಬಡಿಯುತ್ತದೆ. ಒಂದು ಉದಾಹರಣೆ: ಚೆನ್ನಾಗಿರುವ ಕಿವಿಗೆ 10 ಡೆಸಿಬೆಲ್‌ನಲ್ಲಿ ಕೇಳಲು ಶುರುವಾಗಿ, 100ರ ಹತ್ತಿರ ಹಿಂಸೆ ಆಗುತ್ತದೆ ಎನ್ನೋಣ. ಮಂದ ಕಿವಿಗೆ 60ರಲ್ಲಿ ಕೇಳಲು ಶುರು, ಹಿಂಸೆ ಮಾತ್ರ ಅದೇ 100ರ ಹತ್ತಿರ. ನಡುವೆ ಉಳಿಯುವುದು ಬರೀ 40. "ಸ್ವಲ್ಪ ಜೋರಾಗಿ ಹೇಳು" ಎಂದ ಅಜ್ಜಿಯೇ ಮರುಗಳಿಗೆ "ಯಾಕೆ ಕಿರುಚ್ತೀಯ" ಎನ್ನುವುದು ಇದರಿಂದಲೇ. ಅದನ್ನು ಸಿಡುಕುತನ ಎಂದುಕೊಳ್ಳಬೇಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಒಂದು ಕಾರಣ ಸೇರಿಕೊಳ್ಳುತ್ತದೆ. ಕೋವಿ ಹಿಡಿದವರ ಕಿವಿ, ತೋಟದಲ್ಲಿ ಮರ ಕೊಯ್ಯುವ ಮತ್ತು ಕಳೆ ಕೊಚ್ಚುವ ಯಂತ್ರ ಓಡಿಸಿದವರ ಕಿವಿ ವಯಸ್ಸಿಗೆ ಮುಂಚೆಯೇ ಸವೆದಿರುತ್ತದೆ. ಬಲಭುಜಕ್ಕೆ ಕೋವಿ ಕೊಟ್ಟು ಹೊಡೆಯುವವರಿಗೆ ನಳಿಕೆಯ ಬಾಯಿಗೆ ಎಡಕಿವಿ ಹತ್ತಿರ, ಬಲಕಿವಿ ತಲೆಯ ಮರೆಯಲ್ಲಿ. ಹಾಗಾಗಿ ಅವರ ಆಡಿಯೋಗ್ರಾಂನಲ್ಲಿ, ಅಂದರೆ ಕಿವಿ ತಪಾಸಣೆಯ ನಕ್ಷೆಯಲ್ಲಿ, ಹೆಚ್ಚಾಗಿ ಎಡಕಿವಿಯ ಗೆರೆ ಏರುಸ್ವರದ 4000 ಹರ್ಟ್ಸ್ ಬಳಿ ಹಳ್ಳದಂತೆ ಇಳಿದಿರುತ್ತದೆ. ಇಂಥವರಿಗೆ ಕಿವಿಯೊಳಗೆ ಗುಂಯ್‌ಗುಡುವುದೂ ಸಾಮಾನ್ಯ.

ಮೊದಲ ಕೋರಿಕೆ ಶ್ರವಣ ಸಾಧನ ವಿತರಣಾ ಶಿಬಿರಗಳ ಬಗ್ಗೆ. 250ರಿಂದ 8000 ಹರ್ಟ್ಸ್‌ವರೆಗೆ ಎಷ್ಟು ಕೇಳುತ್ತದೆ ಎಂದು ಅಳೆದರೆ ಅರ್ಧ ಕೆಲಸವಷ್ಟೇ ಆಯಿತು. ಎಷ್ಟು ಸದ್ದಿಗೆ ಹಿಂಸೆ ಶುರುವಾಗುತ್ತದೆ ಎಂದೂ ಅಳೆದು, ಮಿಷನ್ನಿನ ಎಂಪಿಒ, ಅಂದರೆ ಅದು ಹೊರಹಾಕುವ ಗರಿಷ್ಠ ಸದ್ದನ್ನು ಅದಕ್ಕಿಂತ ಕೆಳಗೆ ನಿಲ್ಲಿಸಬೇಕು. ಮೆಲ್ಲಗಿನ ಸದ್ದನ್ನು ಹೆಚ್ಚು, ಜೋರಿನದನ್ನು ಕಡಿಮೆ ಏರಿಸುವ ಕಂಪ್ರೆಷನ್ ಇರುವ ಡಿಜಿಟಲ್ ಸಾಧನವೇ ಬೇಕು. ಎಲ್ಲವನ್ನೂ ಒಂದೇ ಸಮನೆ ಏರಿಸುವ ಅಗ್ಗದ ಮಿಷನ್ ಕೊಟ್ಟರೆ ಅದು ವಾರದೊಳಗೆ ಪೆಟ್ಟಿಗೆ ಸೇರುತ್ತದೆ. ಹಾಕಿದ ಮೇಲೆ ಅಲ್ಲೇ ಸ್ಟೀಲ್ ತಟ್ಟೆಗೆ ಚಮಚ ಬಡಿದು ನೋಡಬೇಕು. ಮುಖ ಹಿಂಡಿದರೆ ಎಂಪಿಒ ಇನ್ನೂ ಇಳಿಸಬೇಕು. ಮೊದಲು ದಿನಕ್ಕೆ ಎರಡು ಮೂರು ಗಂಟೆ ಮನೆಯೊಳಗೆ ಹಾಕಿ, ನಿಧಾನ ಹೆಚ್ಚಿಸಲು ಹೇಳಿ, ಮೂರು ವಾರದ ನಂತರ ಮತ್ತೆ ಕರೆದು ಸರಿಪಡಿಸಬೇಕು. ಅಳತೆ ಮತ್ತು ವಿತರಣೆ ಒಂದೇ ದಿನ ಮುಗಿದು ಮತ್ತೆ ಯಾರೂ ಬಾರದಿದ್ದರೆ ಹಣ ದಂಡ. ನಮ್ಮ ಮಳೆಗಾಲದ ತೇವಕ್ಕೆ ಟ್ಯೂಬಿನಲ್ಲಿ ನೀರಹನಿ ಕಟ್ಟಿ ಸದ್ದು ನಿಲ್ಲುವುದರಿಂದ, ಪ್ರತಿ ಸಾಧನದ ಜೊತೆ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಕೊಡಿಸಿ. ರಾತ್ರಿ ಬ್ಯಾಟರಿ ತೆಗೆದು ಸಾಧನವನ್ನು ಅದರಲ್ಲಿಡಬೇಕು.

ಆಶಾ ಕಾರ್ಯಕರ್ತೆಯರ ಮೂಲಕ ಮನೆಗಳಿಗೆ ತಲುಪಬೇಕಾದ ವಿಷಯವೂ ಇದೆ. ಸದ್ದಿಗೆ ಹೆದರಿ ದಿನವಿಡೀ ಕಿವಿ ಮುಚ್ಚಿಕೊಂಡಿರಬಾರದು. ಸದ್ದು ಬಾರದಿದ್ದಾಗ ಮಿದುಳು ತನ್ನ ಗ್ರಹಿಕೆಯನ್ನೇ ಏರಿಸಿಕೊಂಡು, ತೆರೆದ ಮೇಲೆ ಪಾತ್ರೆ ಸದ್ದೂ ಸಿಡಿಲಾಗುತ್ತದೆ. ಪಟಾಕಿ, ಕೋವಿ, ಮರ ಕೊಯ್ಯುವ ಯಂತ್ರ ಇದ್ದಾಗ ಮಾತ್ರ ಫೋಮ್ ಪ್ಲಗ್ ಸಾಕು: ಬೆರಳಲ್ಲಿ ಸಪೂರ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹತ್ತಿ ತುರುಕಿದರೆ ಹೆಚ್ಚೇನೂ ತಡೆಯದು. ಉಳಿದ ಹೊತ್ತು ಫ್ಯಾನಿನಂಥ ಮೆಲುಸದ್ದು ಕೋಣೆಯಲ್ಲಿರುವುದು ಒಳ್ಳೆಯದು. ಟೈಲ್ಸ್ ನೆಲದ ಬರಿಗೋಡೆಯ ಕೋಣೆಗೆ ದಪ್ಪ ಪರದೆ, ಚಾಪೆ ಹಾಕಿದರೆ ಮಾರ್ದನಿ ತಗ್ಗುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಗುಗ್ಗೆ ಎಂದು ಎಣ್ಣೆ ಬಿಟ್ಟು ಕಾಯದೆ ಅದೇ ದಿನ ಕಿವಿ ವೈದ್ಯರಲ್ಲಿಗೆ ಹೋಗಬೇಕು. ದಿನ ಕಳೆದಷ್ಟೂ ಚಿಕಿತ್ಸೆಯ ಫಲ ಕಡಿಮೆ.

ಇನ್ನು ಸಾರ್ವಜನಿಕ ಸದ್ದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾದರೆ ಅಲ್ಲಿ 50 ಮತ್ತು 40. ಅದನ್ನು ಜಾರಿಗೆ ತರುವ ಅಧಿಕಾರ ನಿಮ್ಮದು.

ಮಡಿಕೇರಿ ದಸರಾದ ದಶಮಂಟಪಗಳ ಮೆರವಣಿಗೆ ನಮ್ಮದೇ ಹೆಮ್ಮೆ, ಅದು ನಿಲ್ಲಲಿ ಎಂದು ನಾವು ಕೇಳುತ್ತಿಲ್ಲ. ಸ್ಪೀಕರ್ ಕಟ್ಟುವ ರೀತಿ ಬದಲಾಗಲಿ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ: 4 ಮೀಟರ್‌ನಲ್ಲಿ 100 ಇದ್ದದ್ದು 32 ಮೀಟರ್‌ನಲ್ಲೂ 82. ಎರಡೂ ಕಡೆ ಕಟ್ಟಡಗಳಿರುವ ಇಕ್ಕಟ್ಟಿನ ಬೀದಿಯಲ್ಲಿ ಅಷ್ಟೂ ಇಳಿಯದು. ಎತ್ತರದ ಎರಡು ಗೋಪುರಗಳ ಬದಲು ಜನರ ಹತ್ತಿರ ಸಣ್ಣ ಸ್ಪೀಕರ್‌ಗಳನ್ನು ಹಂಚಿ, ಬಾಯಿ ಮನೆಗಳತ್ತ ಇಲ್ಲದಂತೆ ತಗ್ಗಿಸಿ ಕಟ್ಟಿದರೆ ಕಡಿಮೆ ಸದ್ದಿನಲ್ಲೇ ಸ್ಪಷ್ಟವಾಗಿ ಕೇಳುತ್ತದೆ. ತಗ್ಗುಸ್ವರದ ಸ್ಪೀಕರ್ ಆದ ಸಬ್‌ವೂಫರ್‌ನ ಗುದ್ದು ಗೋಡೆ ದಾಟಿ ಹಾಸಿಗೆಯವರೆಗೆ ಬರುತ್ತದೆ, ಆದರೆ ಮೀಟರನ್ನು 'ಎ' ಮಾಪನದಲ್ಲಿಟ್ಟರೆ ಅದು ಬಹುಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ತಗ್ಗುಸ್ವರವನ್ನೂ ಲೆಕ್ಕಕ್ಕೆ ಹಿಡಿಯುವ 'ಸಿ' ಮಾಪನದಲ್ಲೂ ಓದಿ, ಎರಡನ್ನೂ ಬರೆದಿಡಲು ಆದೇಶಿಸಿ. ಮೆರವಣಿಗೆಯ ದಾರಿಯಲ್ಲಿ ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳ ಪಟ್ಟಿ ಮಾಡಿ, ಆ ಜಾಗಗಳಲ್ಲಿ ಮಂಟಪಗಳು ನಿಂತು ಪ್ರದರ್ಶನ ಕೊಡದಂತೆ ಮೊದಲೇ ಗುರುತು ಹಾಕಿಸಿ.

ಈ ಬಾರಿಯ ದಸರಾ ಪೂರ್ವಸಿದ್ಧತಾ ಸಭೆಗೆ ಮಂಟಪ ಸಮಿತಿಗಳ ಜೊತೆ ಸೌಂಡ್ ಸಿಸ್ಟಂ ಗುತ್ತಿಗೆದಾರರನ್ನೂ ಕರೆಸಿ. ಹೇಗೆ ಕಟ್ಟಬೇಕು, ಎಲ್ಲಿ ನಿಂತು ಅಳೆಯಬೇಕು ಎಂದು ಮೀಟರ್ ಸಮೇತ ಬಂದು ತೋರಿಸಿಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಕೊಡಗಿನಲ್ಲಿ ಕಿವಿ ತಪಾಸಣೆ ಮತ್ತು ಹಿರಿಯರ ಆರೈಕೆಯಲ್ಲಿ ತೊಡಗಿರುವವರು