ಮಗುವಿನ ಮೊದಲ ಮಲ ಯಾವಾಗ ಹೋಯಿತು, ಬರೆದಿಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಪಕ್ಕದ ತೋಟದ ಲೈನ್ ಮನೆಯಿಂದ ಒಬ್ಬಾಕೆ ನನ್ನ ಹತ್ತಿರ ವೀಳ್ಯದೆಲೆ ಕೇಳಿಕೊಂಡು ಬಂದಳು. ಸೊಸೆಗೆ ಹೆರಿಗೆಯಾಗಿ ಮೂರು ದಿನ. "ಮಗು ಇನ್ನೂ ಕಕ್ಕ ಮಾಡಿಲ್ಲ ಟೀಚರಮ್ಮ, ತೊಟ್ಟು ಇಡಬೇಕು" ಅಂದಳು. ನಾನು ಎಲೆ ಕೊಡಲಿಲ್ಲ. ಆಟೋ ಕರೆಸಿ ಅತ್ತೆ, ಸೊಸೆ, ಮಗು ಮೂವರನ್ನೂ ಆಸ್ಪತ್ರೆಗೆ ಕಳಿಸಿದೆ. ಯಾಕೆ ಅಂತ ಹೇಳಲು ಈ ಪತ್ರ.

ಆರು ವರ್ಷದ ಹಿಂದೆ, ಕಕ್ಕಡ ಮಾಸದ ಜಡಿಮಳೆಯಲ್ಲಿ ನನ್ನ ಮೊಮ್ಮಗ ಹುಟ್ಟಿದ. ಎರಡನೇ ದಿನ ಮನೆಗೆ ಕರೆದುಕೊಂಡು ಬಂದೆವು. ಹುಟ್ಟಿದ ಮಕ್ಕಳು ಮೊದಲು ಮಾಡುವ ಆ ಕಪ್ಪು, ಅಂಟು ಮಲ ಹೋಗಿರಲೇ ಇಲ್ಲ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನನ್ನ ಅಮ್ಮ ಮಾಡುತ್ತಿದ್ದ ಹಾಗೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದೆ ಇಟ್ಟೆ. ಸ್ವಲ್ಪ ಹೋಯಿತು. ನಮಗೆಲ್ಲ ಸಮಾಧಾನವಾಯಿತು. ಹದಿನೈದು ದಿನ ಹೀಗೇ ತೊಟ್ಟು, ಓಮದ ನೀರು ಅಂತ ಕಳೆದೆವು. ಆಮೇಲೆ ಹೊಟ್ಟೆ ಉಬ್ಬಿ ಚರ್ಮ ಮಿರಮಿರ ಹೊಳೆಯತೊಡಗಿತು, ನೀಲಿ ರಕ್ತನಾಳ ಎದ್ದು ಕಂಡವು. ಒಂದು ಬೆಳಿಗ್ಗೆ ಹಸಿರು ವಾಂತಿ ಮಾಡಿದ.

ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರುವಷ್ಟರಲ್ಲಿ ಅವನಿಗೆ ಅಳಲೂ ಶಕ್ತಿ ಇರಲಿಲ್ಲ. ಮಕ್ಕಳ ಸರ್ಜನ್ ಕಿರುಬೆರಳಿನಿಂದ ಪರೀಕ್ಷೆ ಮಾಡಿ ಬೆರಳು ತೆಗೆದರು ನೋಡಿ, ಗಾಳಿಯೂ ಮಲವೂ ಒಟ್ಟಿಗೆ ರಭಸವಾಗಿ ಹೊರಗೆ ಬಂತು. ಹೊಟ್ಟೆ ಇಳಿಯಿತು. ಸರಿಹೋಯಿತು ಅಂತ ನಾನು ಕೈ ಮುಗಿದೆ. "ಇಲ್ಲಮ್ಮ, ಈಗ ಗೊತ್ತಾಗಿದೆ ಅಷ್ಟೆ" ಅಂದರು.

ನಮ್ಮ ಕರುಳಿನ ಗೋಡೆಯೊಳಗೇ, ಸ್ನಾಯುವಿನ ಎರಡು ಪದರದ ನಡುವೆ, ನರಗಳ ಬಲೆ ಇದೆಯಂತೆ. ಅನ್ನನಾಳದಿಂದ ಗುದದ್ವಾರದವರೆಗೂ ಇದೆ. ಕರುಳಿನಲ್ಲಿರುವುದನ್ನು ಮುಂದೆ ತಳ್ಳುವುದು ಇದರ ಕೆಲಸ. ಅದರ ಹಿಂದಿರುವ ಕರುಳು ಬಿಗಿಯಾಗಬೇಕು, ಮುಂದಿರುವ ಕರುಳು ಸಡಿಲವಾಗಬೇಕು. ಇದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದರೂ ಕರುಳು ಹೀಗೆ ತಳ್ಳುತ್ತದೆ ಅಂತ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು 1899ರಲ್ಲೇ ತೋರಿಸಿದ್ದಾರೆ.

ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಈ ನರಕೋಶಗಳು ಮೇಲಿನಿಂದ ಹೊರಟು ಕರುಳಿನ ಉದ್ದಕ್ಕೂ ಇಳಿಯುತ್ತಾ ಹೋಗುತ್ತವೆ. ಮೊದಲ ಮೂರು ತಿಂಗಳೊಳಗೆ ತುದಿ ಮುಟ್ಟಬೇಕು. ನಮ್ಮ ಮಗುವಿನಲ್ಲಿ ನಡುದಾರಿಯಲ್ಲೇ ನಿಂತುಬಿಟ್ಟಿದ್ದವು. ಕರುಳಿನ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕೊನೆಯ ತುಂಡಿನಲ್ಲಿ ನರಕೋಶವೇ ಇರಲಿಲ್ಲ. ಸಡಿಲವಾಗು ಅಂತ ಹೇಳುವವರೇ ಇಲ್ಲದ ಮೇಲೆ ಆ ತುಂಡು ಸದಾ ಬಿಗಿದುಕೊಂಡೇ ಇರುತ್ತದೆ. ಅದರ ಮೇಲಿನ ಒಳ್ಳೆಯ ಕರುಳು ತಳ್ಳಿ ತಳ್ಳಿ ಉಬ್ಬುತ್ತದೆ. ನೋಡಿದರೆ ಉಬ್ಬಿದ್ದೇ ಕೆಟ್ಟದ್ದು ಅನ್ನಿಸುತ್ತೆ, ಅಲ್ವಾ? 1886ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಡೆನ್ಮಾರ್ಕಿನ ಡಾಕ್ಟರ್ ಹಿರ್ಷ್‌ಸ್ಪ್ರಂಗ್ ಅವರೂ ಹಾಗೇ ತಿಳಿದಿದ್ದರು. ಕಾಯಿಲೆಗೆ ಅವರದೇ ಹೆಸರು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ.

ತೊಟ್ಟು ಇಟ್ಟಾಗ ಹೋಗುತ್ತಿದ್ದದ್ದು ಆ ಬಿಗಿ ಒಂದು ಕ್ಷಣ ಬಿಟ್ಟುಕೊಂಡಿದ್ದರಿಂದ ಮಾತ್ರ. ನನ್ನ ಸಮಾಧಾನಕ್ಕೆ ಮಗು ಹದಿನೈದು ದಿನ ನರಳಿತು. ಇದನ್ನು ನಾನು ಮರೆತಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಆಸ್ಪತ್ರೆಗೆ ನೋಡಲು ಬಂದವರಲ್ಲಿ ಕೆಲವರು ನನ್ನ ಮಗಳನ್ನು ಕೂರಿಸಿಕೊಂಡು, ಬಸುರಿಯಲ್ಲಿ ಕಣಿಲೆ ತಿಂದಿದ್ದೆಯಾ, ಏಡಿ ತಿಂದಿದ್ದೆಯಾ ಅಂತ ಕೇಳಿದರು. ಅವಳು ರಾತ್ರಿ ನನ್ನ ಕೈ ಹಿಡಿದು "ಒಂದೇ ಸಲ ಕಣಿಲೆ ತಿಂದದ್ದು ಅಮ್ಮ" ಅಂತ ಅತ್ತಳು. ಕಣಿಲೆಗೂ ಇದಕ್ಕೂ ಸಂಬಂಧವಿಲ್ಲ. ಹೆತ್ತವಳ ತಪ್ಪು ಇದರಲ್ಲಿ ಏನೂ ಇಲ್ಲ. ದಯವಿಟ್ಟು ಬಾಣಂತಿಯರನ್ನು ಹೀಗೆ ಕೇಳಬೇಡಿ.

ನರ ಇಲ್ಲದ ತುಂಡನ್ನು ತೆಗೆದು, ನರ ಇರುವ ಕರುಳನ್ನು ಕೆಳಗೆಳೆದು ಹೊಲಿದರು. ಮೊಮ್ಮಗ ಈಗ ಒಂದನೇ ಕ್ಲಾಸು. ಮಲಬದ್ಧತೆ ಆಗಾಗ ಕಾಡುತ್ತದೆ, ಗಮನ ಇಟ್ಟಿದ್ದೇವೆ.

ನನ್ನ ಕೋರಿಕೆ ಇಷ್ಟು. ಹೆಚ್ಚಿನ ಮಕ್ಕಳು ಹುಟ್ಟಿದ 24 ಗಂಟೆಯೊಳಗೆ ಮೊದಲ ಮಲ ಮಾಡುತ್ತವೆ. 48 ಗಂಟೆ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಹಸಿರು ವಾಂತಿಯಾದರೆ ಒಂದು ಗಂಟೆಯೂ ಕಾಯಬೇಡಿ. ಆಶಾ ಕಾರ್ಯಕರ್ತೆಯರು ಮೂರನೇ ದಿನ ಮನೆಗೆ ಬರುತ್ತಾರೆ. ತೂಕ, ಜ್ವರ ನೋಡುವಾಗ "ಮೊದಲ ಕಕ್ಕ ಯಾವಾಗ ಆಯಿತು?" ಅಂತ ಇದೊಂದನ್ನೂ ಕೇಳಲಿ. ಹೆರಿಗೆ ಆಸ್ಪತ್ರೆಯವರು ಮನೆಗೆ ಕಳಿಸುವ ಮೊದಲು ಆ ಹೊತ್ತನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಡಲಿ. ಒಂದು ಸಾಲು ಸಾಕು.

ಒಬ್ಬ ನಿವೃತ್ತ ಶಿಕ್ಷಕಿ,
ಶನಿವಾರಸಂತೆ, ಕೊಡಗು