ಗುಂಪು ಬಿಟ್ಟ ಕೂಡಲೇ ದ್ರೋಹಿಯೇ?

ಸಂಪಾದಕರೇ,

ಪಾಪ್ ಗುಂಪು ಬಿಟ್ಟು ಒಬ್ಬರೇ ಹಾಡಲು ಹೊರಟವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಮೊದಲಿಂದ ಕೊನೆಯವರೆಗೂ ಒಂದೇ ರಾಗ: ಹೆಸರು ಬಂತು, ತಲೆ ತಿರುಗಿತು, ಜೊತೆಗಾರರನ್ನು ನಡುನೀರಲ್ಲಿ ಕೈಬಿಟ್ಟರು. ಓದಲು ಮಜವಾಗಿತ್ತು, ಇಲ್ಲ ಅನ್ನಲ್ಲ. ಆದರೆ ಹಾಡುವುದರ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ.

ಐದು ಜನರ ಗುಂಪಿನ ಯಾವುದಾದರೂ ಹಾಡನ್ನು ಗಡಿಯಾರ ಹಿಡಿದು ಕೇಳಿ. ಮೂರೂವರೆ ನಿಮಿಷದ ಹಾಡು ಅಂದುಕೊಳ್ಳಿ. ಪಲ್ಲವಿ ಎಲ್ಲರದ್ದು. ಉಳಿದದ್ದನ್ನು ಹಂಚಿದರೆ ಒಬ್ಬೊಬ್ಬರಿಗೆ 20–30 ಸೆಕೆಂಡು ಸಿಕ್ಕರೆ ಹೆಚ್ಚು. ಯಾರಿಗೆ ಎಷ್ಟು ಸೆಕೆಂಡು ಬಂತು ಅಂತ ಅಭಿಮಾನಿಗಳು ಲೆಕ್ಕ ಹಾಕಿ ಜಗಳಕ್ಕೆ ನಿಲ್ಲುವುದು ಸುಮ್ನೆ ಅಲ್ಲ.

ನಾನೂ ಕೆಲವು ವರ್ಷ ನಾಲ್ವರ ತಂಡದಲ್ಲಿ ಹಾಡಿದವನು. ನನ್ನ ಸಾಲು ಮುಗಿದರೆ ಮೈಕ್ ಕೆಳಗಿಳಿಸಿ ಉಸಿರು ತುಂಬಿಕೊಳ್ಳುತ್ತಿದ್ದೆ. ಒಮ್ಮೆ ಉಳಿದ ಮೂವರೂ ಬರಲಾಗದೆ ಇಡೀ ಹಾಡು ನನ್ನ ತಲೆಗೆ ಬಂತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಉಸಿರು ಸಾಲದೆ ಪ್ರತಿ ಸಾಲಿನ ಕೊನೆಯ ಪದ ನುಂಗುತ್ತಿದ್ದೆ. ಇಷ್ಟು ದಿನ ನನ್ನ ತಪ್ಪನ್ನು ಪಕ್ಕದವನ ದನಿ ಮುಚ್ಚಿಕೊಂಡು ಬಂದಿತ್ತು ಅಂತ ಗೊತ್ತಾದದ್ದು ಆವತ್ತೇ. ಆಮೇಲೆ ನಾನು ಒಬ್ಬನೇ ಹಾಡುವ ಗೋಜಿಗೆ ಹೋಗಲಿಲ್ಲ, ಅದು ಬೇರೆ ಮಾತು.

ರಾಬಿ ವಿಲಿಯಮ್ಸ್ ಅವರನ್ನೇ ನೋಡಿ. 1995ರಲ್ಲಿ ಬ್ರಿಟನ್ನಿನ ಟೇಕ್ ದಟ್ ಎಂಬ ಪಾಪ್ ಗುಂಪು ಬಿಟ್ಟಾಗ ಅವರಿಗೆ 21 ವರ್ಷ. ಮರುವರ್ಷ ಗುಂಪೇ ಮುಗಿಯಿತು. ಆಗ ಹೆಚ್ಚಿನವರು ಗೆಲ್ಲುತ್ತಾರೆ ಅಂದುಕೊಂಡದ್ದು ಗುಂಪಿಗೆ ಹಾಡು ಬರೆಯುತ್ತಿದ್ದ ಗ್ಯಾರಿ ಬಾರ್ಲೋ ಅವರನ್ನು. ಅವರ ಮೊದಲ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೂ ಏರಿತು. ರಾಬಿ ಶುರು ಮಾಡಿದ್ದು ಜಾರ್ಜ್ ಮೈಕಲ್ ಅವರ ಹಾಡನ್ನು ಮತ್ತೆ ಹಾಡಿ. 1997ರ ಮೊದಲ ಆಲ್ಬಂ ಕೂಡ ಮೊದಮೊದಲು ಅಷ್ಟಾಗಿ ಓಡಲಿಲ್ಲ. ವರ್ಷದ ಕೊನೆಗೆ ಅದರ ಒಂದೇ ಒಂದು ಹಾಡು ಹಿಡಿದ ಮೇಲೆ ಎಲ್ಲ ತಲೆಕೆಳಗಾಯಿತು. 2003ರಲ್ಲಿ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಮೂರು ರಾತ್ರಿ ಅವರನ್ನು ಕೇಳಲು ಬಂದವರು 3,75,000 ಜನ. ಮೊದಲ ತಿಂಗಳೇ ನಿಮ್ಮ ಲೇಖಕರು ತೀರ್ಪು ಬರೆದಿದ್ದರೆ ಏನಾಗುತ್ತಿತ್ತು?

ಇನ್ನು ದ್ರೋಹದ ಮಾತು. ಗುಂಪಿನ ಸದಸ್ಯರು ಮುಂದೆ ಒಬ್ಬರೇ ಹಾಡಿದರೂ ಆ ಹಾಡು ತನಗೇ ಸೇರಬೇಕು ಅಂತ ಎಷ್ಟೋ ರೆಕಾರ್ಡ್ ಕಂಪನಿಗಳು ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳುತ್ತವೆ. ಅಂದರೆ ಒಬ್ಬರು ಹೊರಗೆ ಬಂದೇ ಬರುತ್ತಾರೆ ಅಂತ ಲೆಕ್ಕ ಹಾಕಿಯೇ ಗುಂಪು ಕಟ್ಟುತ್ತಾರೆ, ಅಲ್ವಾ? ಬೈಗುಳ ಮಾತ್ರ ಹಾಡಿದವರಿಗೆ.

ಉಳಿದವರಿಗೆ ನೋವಾಗುತ್ತದೆ, ಒಪ್ಪುತ್ತೇನೆ. 2016ರ ಕೊನೆಗೆ ಕಮೀಲಾ ಕಬೆಯೊ ಐವರು ಗಾಯಕಿಯರ ಫಿಫ್ತ್ ಹಾರ್ಮನಿ ಗುಂಪು ಬಿಟ್ಟರು. ಮರುವರ್ಷ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಉಳಿದ ನಾಲ್ವರು ವೇದಿಕೆಗೆ ಬಂದಾಗ ಪಕ್ಕದಲ್ಲಿ ಕಮೀಲಾ ಜಾಗಕ್ಕೆ ಐದನೆಯ ಆಕೃತಿಯೊಂದು ನಿಂತಿತ್ತು. ಹಾಡು ಶುರುವಾಗುವ ಮೊದಲೇ ಆ ಆಕೃತಿ ವೇದಿಕೆಯಿಂದ ಹಿಂದಕ್ಕೆ ಎಗರಿ ಬಿತ್ತು. ಸಿಟ್ಟಿನ ಜೊತೆ ತಮಾಷೆಯೂ ಇತ್ತು. ನನಗಂತೂ ನಗು ಬಂತು.

ಕೊನೆಗೆ ಒಂದು ತಪ್ಪು ತೋರಿಸಬೇಕು. "ಹೋದವರು ಯಾರೂ ಗುಂಪಿಗೆ ಮರಳಿದ್ದಿಲ್ಲ" ಅಂತ ಬರಹದಲ್ಲಿದೆ. ಬಿಯಾನ್ಸೆ 2003ರಲ್ಲಿ ಸ್ವಂತ ಆಲ್ಬಂ ತಂದು, 2004ರಲ್ಲಿ ತಮ್ಮ ಗುಂಪು ಡೆಸ್ಟಿನೀಸ್ ಚೈಲ್ಡ್ ಜೊತೆ ಮತ್ತೊಂದು ಆಲ್ಬಂ ಮಾಡಿದರು. ರಾಬಿ ಕೂಡ, ಅಷ್ಟರಲ್ಲಿ ಮತ್ತೆ ಒಂದಾಗಿದ್ದ ಟೇಕ್ ದಟ್‌ಗೆ 2010ರಲ್ಲಿ ವಾಪಸ್ ಬಂದು, ಅದೇ ಬಾರ್ಲೋ ಪಕ್ಕದಲ್ಲಿ ನಿಂತು ಹಾಡಿದರು. ಮುಂದಿನ ವಾರ ಇಷ್ಟನ್ನಾದರೂ ತಿದ್ದುಪಡಿಯಾಗಿ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ