ಚಿಕ್ಕಪ್ಪನಿಗೂ ಬಿಲ್ ಕಳಿಸು

ಸುಂಟಿಕೊಪ್ಪ
ಜುಲೈ 27

ಪುಟ್ಟಿ,

ನೀನು ಫೋನ್ ಕಟ್ ಮಾಡಿದ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಆಟಿ ತಿಂಗಳ ಮಳೆ, ಗೊತ್ತಲ್ವಾ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಆಗ ಮಾತಾಡಿದ್ದರೆ ನೀನು ಅಳುತ್ತಿದ್ದೆ, ನಾನು ಇನ್ನೂ ಜೋರು ಮಾಡುತ್ತಿದ್ದೆ. ಆಟಿಯಲ್ಲಿ ಮದುವೆ ಇಲ್ಲ, ಹೊಲಿಗೆಯೂ ಕಮ್ಮಿ, ಹಾಗಾಗಿ ಕೂತು ಬರೆಯುತ್ತಿದ್ದೇನೆ. ಟವರ್ ಬಂದಾಗ ಫೋಟೋ ತೆಗೆದು ಕಳಿಸುತ್ತೇನೆ. ಪೂರ್ತಿ ಓದು. ಅರ್ಧಕ್ಕೇ ಬಿಟ್ಟು ಸ್ಮೈಲಿ ಹಾಕಬೇಡ.

ಸ್ಪೀಕರ್ ಆನ್ ಇದೆ, ರೂಮಿನ ಹುಡುಗಿಯರೆಲ್ಲ ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಅವರ ಎದುರು ಹಾಗೆ ಕೂಗಿದ್ದಕ್ಕೆ ಬೇಜಾರಿದೆ. ಕೂಗಿದ್ದಕ್ಕೆ ಮಾತ್ರ. ಹೇಳಿದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಚಿಕ್ಕಪ್ಪನಿಗೆ ಬಿಲ್ ಕಳಿಸಲೇಬೇಕು.

"ನೆಂಟರ ಹತ್ರ ದುಡ್ಡು ಕೇಳಿದ್ರೆ ಮಾನ ಹೋಗುತ್ತೆ ಅಮ್ಮ" ಅಂದೆಯಲ್ಲ. ಯಾರ ಮಾನ? ಚಿಕ್ಕಪ್ಪನ ಹೋಂಸ್ಟೇಗೆ ಲೋಗೋ ಮಾಡಿದ್ದು ನೀನು. ಮಂಗಟ್ಟೆ, ಮಿಂಚುಳ್ಳಿ, ಮರಕುಟಿಗ, ಗೊರವಂಕ ಅಂತ ನಾಲ್ಕು ರೂಮಿಗೂ ಬೋರ್ಡ್ ಬರೆದದ್ದು ನೀನು. ಮಾದಾಪುರದಿಂದ ಅವರ ಗೇಟಿನವರೆಗೆ ದಾರಿಯ ನಕ್ಷೆ, ಅದರ ಮೇಲೆ ಇನ್‌ಸ್ಟಾಗ್ರಾಮಿಗೆ ಹಾಕಲು ಪೋಸ್ಟುಗಳು. ಬಣ್ಣ ಸರಿ ಇಲ್ಲ, ಅಕ್ಷರ ಸಣ್ಣದಾಯಿತು, ಹಳೆಯದೇ ಚೆನ್ನಾಗಿತ್ತು ಅಂತ ಪದೇಪದೇ ತಿದ್ದಿಸಿದರು. ಕೊನೆಗೆ "ನೋಡಿ ಕೊಡ್ತೀನಿ ಮಗಳೇ, ನಿನ್ನ ಹೆಸರು ಹಾಕ್ತೀನಿ, ನಾಲ್ಕು ಜನ ನೋಡ್ತಾರೆ" ಅಂದರಂತೆ. ಬೋರ್ಡಿಗೆ ಮರ ಕೊಯ್ದ ಆಚಾರಿಗೆ ದುಡ್ಡು ಕೊಟ್ಟಿದ್ದಾರೆ. ಬುಕಿಂಗ್ ಸೈಟಿನವರು ಪ್ರತಿ ಗೆಸ್ಟಿಗೂ ಕಮಿಷನ್ ಮುರಿದುಕೊಳ್ಳುತ್ತಾರೆ, ಅದನ್ನು ಕೊಡುವಾಗಲೂ ಅವರಿಗೆ ಬೇಜಾರಾಗುವುದಿಲ್ಲ. ನಿನ್ನ ಕೆಲಸಕ್ಕೆ ಮಾತ್ರ ನೆಂಟಸ್ತಿಕೆ ನೆನಪಾಗುತ್ತದೆ. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟಿಲ್ಲ. ನಿಜ ಹೇಳಬೇಕಂದರೆ ಸ್ವಲ್ಪ ಇದೆ.

ಆ ಮದುವೆ ಬ್ಲೌಸಿನ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಅಲ್ಲ, ಹೇಳುತ್ತೇನೆ. ನೀನು ಆಗ ಒಂದನೇ ಕ್ಲಾಸು, ಏನು ನೆನಪಿರುತ್ತೋ ಏನೋ. ದೊಡ್ಡ ತೋಟದ ಮನೆಯವರು ಮಗಳ ಮದುವೆಗೆ ಐದು ಬ್ಲೌಸ್ ಕೊಟ್ಟಿದ್ದರು, ಅದೂ ಅರ್ಜೆಂಟ್. ಸಂಜೆ ಜೀಪಿನಲ್ಲಿ ಬಂದರು. ಒಟ್ಟು 650 ಆಗಿತ್ತು. ಅವರು 500ರ ಒಂದು ನೋಟನ್ನು ಮೆಷಿನ್ ಮೇಲಿಟ್ಟು "ಸಾಕಲ್ವಾ, ನಮ್ಮೋರೇ ತಾನೆ" ಅಂದರು. ನನಗೆ ಬಾಯಿ ಬರಲಿಲ್ಲ. ನೀನು ಕಟಿಂಗ್ ಟೇಬಲ್ ಕೆಳಗೆ ಲೈನಿಂಗ್ ಚೂರುಗಳ ನಡುವೆ ಕೂತಿದ್ದವಳು ಹೊರಗೆ ಬಂದು, ಬೀರು ಬಾಗಿಲ ಮೇಲೆ ನಾನು ಚಾಕ್‌ಪೀಸಿನಲ್ಲಿ ಬರೆದಿದ್ದ ರೇಟನ್ನು ಬೆರಳಿಟ್ಟು ಓದಿದೆ. "ಲೈ-ನಿಂ-ಗ್ ತೊಂಬತ್ತು. ಪೈ-ಪಿಂ-ಗ್ ಇಪ್ಪತ್ತೈದು. ಅ-ರ್ಜೆಂ-ಟ್ ಹದಿನೈದು." ಶಾಲೆಯಲ್ಲಿ ಒತ್ತಕ್ಷರ ಕಲಿಸುತ್ತಿದ್ದ ಸಮಯ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಆಯಮ್ಮ ಬಾಗಿಲು ನೋಡಿದರು, ನನ್ನ ಮುಖ ನೋಡಿದರು, ಪರ್ಸ್ ತೆಗೆದರು. 150 ಎಣಿಸಿ ಕೊಟ್ಟರು.

ಅವರಿಗೆ ಕೋಪ ಬಂತಾ? ಇಲ್ಲ. ಮುಂದಿನ ಹುತ್ತರಿ ಹಬ್ಬಕ್ಕೆ ಅವರೇ ಬಂದರು, ತಂಗಿಯನ್ನೂ ಕರೆದುಕೊಂಡು ಬಂದರು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ನಿನ್ನಪ್ಪನಿಗೆ ಕೇಳಿ ಕೇಳಿ ಸಾಕಾಗಿದೆ. ಆದರೆ ಮೊನ್ನೆ ಫೋನ್ ಇಟ್ಟ ಮೇಲೆ ಯೋಚಿಸುತ್ತಿದ್ದೆ, ನೀನು ಅವತ್ತು ದುಡ್ಡು ಕೇಳಲಿಲ್ಲ. ಬರೆದದ್ದನ್ನು ಓದಿದೆ, ಅಷ್ಟೇ. ಕೇಳುವ ಕೆಲಸವನ್ನು ಆ ಬಾಗಿಲು ಮಾಡಿತು. ಈಗ ನೀನು ಬಾಗಿಲಿಲ್ಲದೆ ವ್ಯಾಪಾರ ಮಾಡುತ್ತಿದ್ದೀಯಾ. ನಿನ್ನ ಇನ್‌ಸ್ಟಾಗ್ರಾಮ್ ಪುಟ ನೋಡಿದೆ. ಚಿತ್ರ ಎಲ್ಲ ಚಂದ. ರೇಟು ಎಲ್ಲೂ ಇಲ್ಲ. "ಬೆಲೆಗೆ ಡಿಎಂ ಮಾಡಿ" ಅಂತ ಇದೆ, ಅಂದರೆ ಮೆಸೇಜ್ ಮಾಡಿ ಕೇಳಬೇಕು. ಹಾಗಿದ್ದರೆ ಬಂದವರೆಲ್ಲರ ಎದುರೂ ನೀನು ಹೊಸದಾಗಿ ನಾಚಿಕೊಳ್ಳಬೇಕು, ಅವರು ಯಾರು, ಎಂಥ ಕಾರಿನಲ್ಲಿ ಬಂದರು ಅಂತ ನೋಡಿ ಬಾಯಿಗೆ ಬಂದ ರೇಟು ಹೇಳಬೇಕು. ಎಲ್ಲ ಕೆಲಸಕ್ಕೂ ಪಕ್ಕಾ ರೇಟು ಹಾಕಲು ಆಗಲ್ಲ, ಒಪ್ಪುತ್ತೇನೆ. "ಲೋಗೋ ಇಷ್ಟರಿಂದ ಶುರು, ಬೋರ್ಡ್ ಒಂದಕ್ಕೆ ಇಷ್ಟರಿಂದ ಶುರು" ಅಂತಾದರೂ ಹಾಕು. ಸಾವಿರ ರೂಪಾಯಿಗೆ ಲೋಗೋ ಹುಡುಕುವವರು ಅದನ್ನು ನೋಡಿ ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಹೋಗಲಿ.

ರೇಟು ಎಷ್ಟು ಅಂತ ನನಗೇನು ಗೊತ್ತು ಅನ್ನಬೇಡ. ನಿನ್ನ ರೂಮ್ ಬಾಡಿಗೆ, ಊಟ, ನೆಟ್, ಸಾಫ್ಟ್‌ವೇರಿನ ಚಂದಾ, ಬಸ್ಸು ಎಲ್ಲ ಸೇರಿ 22,000 ಅಂತ ನೀನೇ ಹೇಳಿದ್ದೆ. ಲ್ಯಾಪ್‌ಟಾಪ್ ಒಂದು ದಿನ ಕೆಡುತ್ತೆ, ನಿನಗೂ ಜ್ವರ ಬರುತ್ತೆ, ಅದಕ್ಕೆ ತಿಂಗಳಿಗೆ 8,000 ಎತ್ತಿಡಬೇಕು. 30,000 ಆಯಿತು. ತಿಂಗಳಲ್ಲಿ ದುಡ್ಡು ಬರುವ ಚಿತ್ರ ಬರೆಯುವುದು 12 ದಿನ ಸಿಕ್ಕರೆ ದೊಡ್ಡದು, ಉಳಿದದ್ದೆಲ್ಲ ರೀಲ್ಸು, ಫೋನು, ತಿದ್ದುಪಡಿ, ಬಾಕಿ ವಸೂಲಿ. ಅಲ್ಲಿಗೆ ದಿನಕ್ಕೆ 2,500 ಬಿತ್ತು. ಅದಕ್ಕಿಂತ ಕಮ್ಮಿಗೆ ಬರೆದರೆ ನೀನು ಕೈಯಿಂದ ಹಾಕಿ ಬರೆದಂತೆ. ಆದರೆ ಈ ಲೆಕ್ಕ ನಿನ್ನ ಪುಸ್ತಕದಲ್ಲಿರಲಿ, ಗಿರಾಕಿಗೆ ದಿನದ ಲೆಕ್ಕ ಹೇಳಬೇಡ, ಕೆಲಸಕ್ಕೆ ಇಷ್ಟು ಅಂತ ಹೇಳು. ಮೊದಲು ಒಂದು ಲೈನಿಂಗ್ ಬ್ಲೌಸಿಗೆ ನನಗೆ ಇಡೀ ದಿನ ಬೇಕಿತ್ತು, ಈಗ ಮಧ್ಯಾಹ್ನದ ಒಳಗೆ ಮುಗಿಯುತ್ತೆ. ಕೈ ಪಳಗಿತು ಅಂತ ನಾನು ರೇಟು ಇಳಿಸಬೇಕಾ?

ನಿನ್ನಪ್ಪ ಇಲ್ಲಿ ಮೊಬೈಲ್ ಹಿಡಿದು ರೊಬಸ್ಟಾ ಕಾಫಿ ರೇಟು ನೋಡುತ್ತಾ ಕೂತಿದ್ದಾರೆ. ಅದು ಏರುವುದೂ ಇಳಿಯುವುದೂ ಲಂಡನ್ ಮಾರ್ಕೆಟಿನಲ್ಲಿ. ವರ್ಷವಿಡೀ ಗಿಡ ಸಾಕಿದವರಿಗೆ ತಮ್ಮ ಚೀಲಕ್ಕೆ ಬೆಲೆ ಹೇಳುವ ಹಕ್ಕಿಲ್ಲ. ನಿನಗೆ ಇದೆ. ಇದ್ದೂ "ನೋಡಿ ಕೊಡಿ" ಅಂತೀಯಲ್ಲ, ಅದಕ್ಕೇ ನಾನು ಕೂಗಿದ್ದು.

ಇನ್ನು ಮುಂದೆ ಪೆನ್ಸಿಲ್ ಹಿಡಿಯುವ ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸು. ಏನೇನು ಮಾಡಿಕೊಡುತ್ತೇನೆ, ಎಷ್ಟು ದುಡ್ಡು, ಯಾವತ್ತು ಕೊಡುತ್ತೇನೆ, ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯ ಸಲದಿಂದ ಬೇರೆ ದುಡ್ಡು. ಅವರು "ಸರಿ" ಅಂತ ಬರೆದ ಮೇಲೆ ಅರ್ಧ ಅಡ್ವಾನ್ಸ್. ತೋರಿಸುವಾಗ ಸಣ್ಣ ಸೈಜಿನಲ್ಲಿ, ಮೇಲೆ ನಿನ್ನ ಹೆಸರು ಅಡ್ಡಡ್ಡ ಹಾಕಿ ತೋರಿಸು. ಪ್ರಿಂಟಿಗೆ ಹೋಗುವ ಫೈಲನ್ನು ಬಾಕಿ ಬಂದ ಮೇಲೆ ಕೊಡು. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದರೂ ಅಂದರೆ ಕಳ್ಳರು ಅಂತ ತಿಳಿ, ದುಡ್ಡು ಬರುವುದಕ್ಕೆ ಪಿನ್ ಬೇಡ. ಹಕ್ಕಿನ ವಿಷಯ ನೀನೇ ನನಗೆ ಪಾಠ ಮಾಡಿದ್ದೆ, ಚಿತ್ರದ ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲಿ ಇರಬೇಕು, ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತೆ ಅಂತ. ನನಗೆ ಹೇಳಿದ್ದನ್ನು ನೀನು ಯಾವ ಗಿರಾಕಿಗಾದರೂ ಹೇಳಿದ್ದೀಯಾ? ನಾಳೆ ಚಿಕ್ಕಪ್ಪ ನಿನ್ನ ನಕ್ಷೆಯನ್ನು ಟೀ ಶರ್ಟ್, ಮಗ್ ಮೇಲೆ ಹಾಕಿ ಗೆಸ್ಟ್‌ಗಳಿಗೆ ಮಾರಿದರೆ? ಅವರ ತಲೆಗೆ ಹೊಳೆದಿಲ್ಲ, ಹೊಳೆಯುತ್ತೆ ನೋಡು.

ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಇದೆಯಲ್ಲ, ಅದನ್ನು ಮಾಡಿಸು ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಅದು ಪೂರ್ತಿ ಫ್ರೀ, ಆಧಾರ್, ಪ್ಯಾನ್ ಸಾಕು, ಮನೆಯಲ್ಲೇ ಕೂತು ಮಾಡಬಹುದು. ನನ್ನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿಯವರು ಇದಕ್ಕೆ 500 ಕೇಳಿದ್ದರು, ಎದ್ದು ಬಂದೆ. ನೋಂದಣಿ ಇದ್ದರೆ, ನೀನು ಮುಗಿಸಿಕೊಟ್ಟ ಕೆಲಸ ಒಪ್ಪಿಕೊಂಡ ಕಂಪನಿ 45 ದಿನದ ಒಳಗೆ ದುಡ್ಡು ಕೊಡಬೇಕು, ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಸಮೇತ ಕೇಳಬಹುದು. ರೆಸಾರ್ಟಿನವರು ದುಡ್ಡು ಕೊಡುವಾಗಲೇ ಟಿಡಿಎಸ್ ಅಂತ ತೆರಿಗೆ ಹಿಡಿದರೆ ಗಾಬರಿ ಬೇಡ, ರಿಟರ್ನ್ ಹಾಕು, ನಿನಗೆ ತೆರಿಗೆ ಬರದಿದ್ದರೆ ಅದು ವಾಪಸ್ ಬರುತ್ತೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಕಿಲ್ಲ. ದಾಟಿದ ದಿನ ಹೇಳು, ಇಡೀ ಕೇರಿಗೆ ಪಾಯಸ ಮಾಡುತ್ತೇನೆ.

ಭಾಷಣ ಆಯಿತು ಅಲ್ವಾ. ಇನ್ನೊಂದೇ ಒಂದು. ನಿನ್ನ ಪುಟಕ್ಕೆ ಲೈಕ್ ಒತ್ತುವವರ ಹೆಸರು ಒಂದೊಂದೇ ನೋಡಿದೆ. ಮುಕ್ಕಾಲು ಪಾಲು ನಿನ್ನ ಕಾಲೇಜಿನವರು, ಚಿತ್ರ ಬರೆಯುವವರು. ನನ್ನ ಅಂಗಡಿಗೆ ದಿನಾ ಟೈಲರ್‌ಗಳೇ ಬಂದು ಕೂತು "ಚೆನ್ನಾಗಿದೆ, ಚೆನ್ನಾಗಿದೆ" ಅಂದರೆ ಒಲೆ ಉರಿಯುತ್ತಾ? ನಿನಗೆ ಬೇಕಾದವರು ಹೋಂಸ್ಟೇಯವರು, ಮನೆಯಲ್ಲೇ ಕಾಫಿ ಪುಡಿ ಮಾಡಿ ಪ್ಯಾಕೆಟ್ ಹಾಕುವವರು, ಜೇನು, ಮೆಣಸು, ಮನೆ ವೈನ್ ಮಾರುವವರು. ಅವರು ಕಲೆ ಹುಡುಕುವುದಿಲ್ಲ, "ಕೂರ್ಗ್ ಹೋಂಸ್ಟೇ ಬೋರ್ಡ್", "ಕಾಫಿ ಪ್ಯಾಕೆಟ್ ಡಿಸೈನ್" ಅಂತ ಹುಡುಕುತ್ತಾರೆ. ಆ ಮಾತುಗಳು ನಿನ್ನ ಚಿತ್ರದ ಕೆಳಗೆ ಇರಬೇಕು, ಊರ ಹೆಸರು ಸಮೇತ. ಈಗ ಅಲ್ಲಿ ಏನೋ ಕವಿತೆ ತರ ಇದೆ, ನನಗಂತೂ ಅರ್ಥ ಆಗಲಿಲ್ಲ. ಮುಗಿದ ಚಿತ್ರ ಒಂದೇ ಹಾಕಬೇಡ, ಪೆನ್ಸಿಲ್ ಗೀಟಿನಿಂದ ಹಿಡಿದು ಗೇಟಿಗೆ ಬೋರ್ಡ್ ನೇತು ಹಾಕುವವರೆಗೆ ತೋರಿಸು. ಎಷ್ಟು ಕೆಲಸ ಇದೆ ಅಂತ ಕಂಡರೆ ರೇಟಿಗೆ ಚೌಕಾಸಿ ಕಮ್ಮಿ. ಜಾಸ್ತಿ ಜನಕ್ಕೆ ತೋರಿಸಲು ಬೂಸ್ಟ್ ಅಂತ ಇನ್‌ಸ್ಟಾಗ್ರಾಮಿಗೆ ದುಡ್ಡು ಸುರಿಯುವುದು ಆಮೇಲೆ ನೋಡೋಣ. ಮತ್ತೆ ಗಿರಾಕಿಗಳ ಹೆಸರು, ನಂಬರ್, ಏನು ಮಾಡಿಕೊಟ್ಟೆ ಅನ್ನೋದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡು, ನನ್ನ ಅಳತೆ ಪುಸ್ತಕದ ಹಾಗೆ. ಇನ್‌ಸ್ಟಾಗ್ರಾಮ್ ನಾಳೆ ನಿನ್ನ ಅಕೌಂಟ್ ಮುಚ್ಚಿದರೆ ಯಾರನ್ನು ಹುಡುಕುತ್ತೀಯಾ?

ಈಗಲೇ ಸರಿಯಾದ ಸಮಯ ಕೂಡ. ಮಳೆಗೆ ಹೋಂಸ್ಟೇಗಳೆಲ್ಲ ಖಾಲಿ, ಮಾಲೀಕರು ಜಗುಲಿಯಲ್ಲಿ ಕೂತು ಮೊಬೈಲ್ ತಿಕ್ಕುತ್ತಿದ್ದಾರೆ. ಮಡಿಕೇರಿ ದಸರಾ, ತಲಕಾವೇರಿ ತೀರ್ಥೋದ್ಭವ ಬಂತೆಂದರೆ ಅವರಿಗೆ ಪುರುಸೊತ್ತಿಲ್ಲ. ಅದರ ಹಿಂದೆಯೇ ಕಾಫಿ ಕುಯ್ಲು, ಆಗ ತೋಟದವರು ಫೋನೇ ಎತ್ತುವುದಿಲ್ಲ. ಬೋರ್ಡ್ ಬದಲಾಯಿಸುವ ಯೋಚನೆ ಬರುವುದು ಈಗ, ಪಾಚಿ ಹಿಡಿದದ್ದು ಕಣ್ಣಿಗೆ ಬೀಳುವಾಗ.

ನಿನ್ನ ನಕ್ಷೆ ನೋಡಿದೆ. ಚಿಕ್ಕಪ್ಪನೇ ಫೋನಿನಲ್ಲಿ ತೋರಿಸಿದರು. ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಮಂಗಟ್ಟೆ ಹಕ್ಕಿ ಕೂರಿಸಿದ್ದೀಯಲ್ಲ, ಅದರ ಕೊಕ್ಕು ದಾರಿ ತೋರಿಸುವ ಹಾಗೆ. ನಾನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಒಬ್ಬರು "ಇದು ಕಂಪ್ಯೂಟರ್ ತಾನಾಗಿ ಮಾಡಿದ್ದಾ" ಅಂತ ಕೇಳಿದರು, ನನಗೆ ಎಷ್ಟು ಉರಿಯಿತು ಗೊತ್ತಾ. ನನ್ನ ಮಗಳು ಕೈಯಲ್ಲಿ ಬರೆದದ್ದು ಅಂತ ಜೋರಾಗಿಯೇ ಹೇಳಿದೆ. ರಾತ್ರಿ ಎರಡು ಗಂಟೆಯವರೆಗೆ ಕೂತು ಬರೆಯಬೇಡ, ಕಣ್ಣು ಹೋಗುತ್ತೆ. ನನ್ನ ಕಣ್ಣು ನೋಡಿದ್ದೀಯಲ್ಲ, ಈಗ ಸೂಜಿಗೆ ದಾರ ಹಾಕುವುದಕ್ಕೆ ಪಕ್ಕದ ಮನೆ ಹುಡುಗನನ್ನು ಕರೆಯಬೇಕು. ಅವಸರದ ಕೆಲಸಕ್ಕೆ ಅವಸರದ ರೇಟು ಹೇಳು. ಅರ್ಧ ಜನಕ್ಕೆ ಅವಸರ ಅಲ್ಲೇ ಇಳಿಯುತ್ತೆ.

ಒಂದನೇ ಕ್ಲಾಸಿನ ಹುಡುಗಿಗೆ ಇದ್ದ ಧೈರ್ಯ, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದಿ ಬಂದವಳಿಗೆ ಯಾಕಿಲ್ಲ ಅಂತ ಕೇಳೋಣ ಅಂದುಕೊಂಡಿದ್ದೆ. ಕೇಳುವುದಿಲ್ಲ. ಅವಳಿಗೆ ಎದುರಿಗಿದ್ದವರು ಯಾರು ಅಂತ ಗೊತ್ತಿರಲಿಲ್ಲ. ನಿನಗೆ ಗೊತ್ತಿದೆ, ಮನೆಗೆ ಬಂದರೆ ಪಕ್ಕದಲ್ಲೇ ಊಟಕ್ಕೆ ಕೂರುತ್ತಾರೆ, ಕಷ್ಟ ಆಗುತ್ತೆ. ನನ್ನ ಸ್ವಂತ ಅಕ್ಕನ ಬ್ಲೌಸಿಗೂ ಮೊದಲ ಸಲ ಚೀಟಿ ಬರೆಯುವಾಗ ನನಗೆ ಕೈ ನಡುಗಿತ್ತು. ಈಗ ಅವಳೇ ಚೀಟಿ ಕೇಳುತ್ತಾಳೆ.

ಬಿಲ್ ಹೀಗೆ ಮಾಡು. ಲೋಗೋ, ಬೋರ್ಡ್, ನಕ್ಷೆ, ಪೋಸ್ಟ್ ಎಲ್ಲ ಬೇರೆ ಬೇರೆ ಸಾಲು, ಪಕ್ಕದಲ್ಲಿ ದುಡ್ಡು. ನೀನು ಹೇಳಿದ್ದು ಒಂಬತ್ತು ದಿನದ ಕೆಲಸ, ಅಂದರೆ ಒಟ್ಟು 22,500. ಅದರ ಕೆಳಗೆ "ಮನೆಯವರಿಗೆ ರಿಯಾಯಿತಿ 4,500" ಅಂತ ಬರೆದು, ಕೊನೆಗೆ 18,000. ರಿಯಾಯಿತಿ ಕೊಡು, ಆದರೆ ಅದು ಕಾಗದದಲ್ಲಿ ಕಾಣಬೇಕು. ಇಲ್ಲದಿದ್ದರೆ ಅವರ ಸ್ನೇಹಿತರಿಗೆಲ್ಲ 18,000ಕ್ಕೆ ಮಾಡಿಕೊಡುತ್ತಾಳೆ ಅಂತ ಹೇಳಿಬಿಡುತ್ತಾರೆ. ಯುಪಿಐ ನಂಬರ್ ಹಾಕು, ತಾರೀಕು ಹಾಕು. ಮೇಲೆ ಎರಡೇ ಸಾಲು ಬರೆ, "ಚಿಕ್ಕಪ್ಪ, ಕೆಲಸ ಕೊಟ್ಟಿದ್ದಕ್ಕೆ ಖುಷಿ ಆಯಿತು, ಬಿಲ್ ಕಳಿಸುತ್ತಿದ್ದೇನೆ." ಸಾರಿ ಅಂತ ಬರೆಯಬೇಡ. ಬಾಡಿಗೆಗೆ ದುಡ್ಡಿಲ್ಲ ಅಂತಲೂ ಬರೆಯಬೇಡ.

ಆಗಸ್ಟ್ 3ಕ್ಕೆ ಆಟಿ ಹದಿನೆಂಟು. ಮದ್ದು ಸೊಪ್ಪಿನ ಪಾಯಸಕ್ಕೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಬರುತ್ತಾರೆ. ಅದಕ್ಕೆ ಮೊದಲೇ ಕಳಿಸು. ಊಟದ ಹೊತ್ತಿಗೆ ಅವರು ಬಿಲ್ಲಿನ ವಿಷಯ ಎತ್ತಿದರೆ ನಾನು ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ, ಪಾಯಸ ಬಡಿಸುತ್ತೇನೆ ಅಷ್ಟೇ. ಉತ್ತರ ಹೇಳಬೇಕಾದವಳು ನೀನು. ಬಿಲ್ಲು ಹೋಗಿರದಿದ್ದರೆ ಮಾತ್ರ ನಾನೇ ಬಾಯಿ ತೆಗೆಯುತ್ತೇನೆ, ಆಮೇಲೆ ನನ್ನನ್ನು ಬೈಯಬೇಡ.

ಕಳಿಸಿದ ಮೇಲೆ ನನಗೂ ಒಂದು ಕಾಪಿ ಹಾಕು.

ಅಮ್ಮ